ನೆರಳು ಬಿಚ್ಚಿಟ್ಟ ಗುಟ್ಟು

ಧ್ವನಿಗೆ ಬಣ್ಣವಿಲ್ಲ, ಆಕಾರವಿಲ್ಲ. ಆದರೆ ಆ ಧ್ವನಿಯನ್ನು ದೂರದೇಶಕ್ಕೆ ಕಳುಹುವ ಕಂಬಕ್ಕೆ ನೆರಳುಂಟು. ಆ ನೆರಳನ್ನು ಆಕಾಶದಿಂದ ಚಿತ್ರ ತೆಗೆದು, ಪರದೇಶದ ಬಾನುಲಿ ನಿಲಯಗಳ ಗುಟ್ಟನ್ನು ಬಿಡಿಸಿದವರ ಕಥೆ ಇದು.

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ, ಕಪ್ಪತಗುಡ್ಡದ ಸೀಮೆಯಲ್ಲಿ, ಹಿರೇವಡ್ಡಟ್ಟಿ ಎಂಬ ಊರಿದೆ. ಊರಿಗೆಲ್ಲ ಒಂದೋ ಎರಡೋ ರೇಡಿಯೋ ಇದ್ದ ಕಾಲವನ್ನು ಕಂಡ ಹಿರಿಯರು ಇಂಥ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಕನ್ನಡದ ಧ್ವನಿ ಈ ಸೀಮೆಯ ಮನೆಮನೆಗೂ ಹತ್ತಿರವಾಯಿತು. ಆದರೆ ಕತ್ತಲಾದ ಮೇಲೆ ರೇಡಿಯೋದ ಮುಳ್ಳನ್ನು ಮೆಲ್ಲನೆ ತಿರುಗಿಸಿದರೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತಿತ್ತು. ಕರಕರ ಸದ್ದಿನ ನಡುವಿನಿಂದ ತಿಳಿಯದ ಭಾಷೆಯ ಮಾತು, ಅಪರಿಚಿತ ವಾದ್ಯದ ನಾದ, ಒಮ್ಮೊಮ್ಮೆ ಬರಿಯ ಟಕಟಕ ಸದ್ದು ಕೇಳಿಬರುತ್ತಿದ್ದವು. ಎಲ್ಲಿಂದ ಬಂತು ಈ ಧ್ವನಿ? ಯಾರನ್ನು ಉದ್ದೇಶಿಸಿ ಹೊರಟಿತು? ಅದರ ಹಿಂದಿರುವ ಯಂತ್ರದ ಬಲವೆಷ್ಟು?

ಹಾಡು ಕೇಳುವವನಿಗೆ ಈ ಪ್ರಶ್ನೆಗಳು ಕುತೂಹಲಕ್ಕಷ್ಟೇ ಸರಿ. ಆದರೆ ಯುದ್ಧದಲ್ಲಿ ಸಿಕ್ಕಿಬಿದ್ದ ರಾಷ್ಟ್ರಕ್ಕೆ ಇವು ಪ್ರಾಣದ ಪ್ರಶ್ನೆಗಳು. ಇವುಗಳಿಗೆ ಉತ್ತರ ಹುಡುಕಲು ಕಿವಿಯೊಂದೇ ಸಾಲದೆ ಬಂದಾಗ ಮನುಷ್ಯನು ಕಣ್ಣಿನ ಮೊರೆಹೊಕ್ಕನು.

ಕೂದಲೆಳೆಯಷ್ಟು ವ್ಯತ್ಯಾಸ

1941ರ ಆರಂಭ. ಫ್ರಾನ್ಸ್ ದೇಶವು ಜರ್ಮನರ ವಶವಾಗಿತ್ತು. ಬ್ರಿಟನ್ನಿನ ನಗರಗಳ ಮೇಲೆ ರಾತ್ರಿ ಹೊತ್ತು ಬಾಂಬಿನ ಮಳೆ ಸುರಿಯುತ್ತಿತ್ತು. ವಿಮಾನಗಳು ಇನ್ನೂ ದೂರದಲ್ಲಿರುವಾಗಲೇ ರೇಡಿಯೋ ಅಲೆಗಳ ಮೂಲಕ ಅವುಗಳ ಸುಳಿವು ಹಿಡಿಯುವ ರೇಡಾರ್ ಯಂತ್ರ ಬ್ರಿಟಿಷರ ಬಳಿ ಇತ್ತು. ಅಂಥದೇ ಯಂತ್ರ ಜರ್ಮನರ ಬಳಿಯೂ ಉಂಟೇ ಎಂಬ ವಿಷಯದಲ್ಲಿ ಬ್ರಿಟಿಷ್ ಅಧಿಕಾರಿಗಳಲ್ಲೇ ಒಮ್ಮತವಿರಲಿಲ್ಲ.

ಬ್ರಿಟಿಷ್ ವಾಯುಸೇನಾ ಇಲಾಖೆಯಲ್ಲಿ ವೈಜ್ಞಾನಿಕ ಬೇಹುಗಾರಿಕೆಯ ಹೊಣೆ ಹೊತ್ತಿದ್ದವರು ರೆಜಿನಾಲ್ಡ್ ವಿಕ್ಟರ್ ಜೋನ್ಸ್ ಎಂಬ ತರುಣ ವಿಜ್ಞಾನಿ. ಫ್ರಾನ್ಸಿನ ಷೆರ್ಬೂರ್ ಬಂದರಿನ ವಾಯವ್ಯಕ್ಕೆ ಒಡರ್ವಿಲ್ ಎಂಬ ಹಳ್ಳಿಯಿದೆ. ಅದರ ಬಳಿಯ ಹೊಲವೊಂದರಲ್ಲಿ ಎರಡು ದುಂಡನೆಯ ಗುರುತುಗಳು ವಿಮಾನದಿಂದ ತೆಗೆದ ಛಾಯಾಚಿತ್ರದಲ್ಲಿ ಕಂಡವು. ದನದ ಕೊಟ್ಟಿಗೆಯೋ, ಹುಲ್ಲಿನ ಬಣವೆಯೋ, ಫಿರಂಗಿಯ ಕಟ್ಟೆಯೋ ಎಂದು ಹೇಳಲು ಬರುವಂತಿರಲಿಲ್ಲ.

ಜೋನ್ಸ್‌ರ ಸಹೋದ್ಯೋಗಿ ಚಾರ್ಲ್ಸ್ ಫ್ರ್ಯಾಂಕ್ ಒಂದರ ಹಿಂದೊಂದರಂತೆ ಕೆಲವೇ ಕ್ಷಣಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಮೊದಲನೆಯ ಚಿತ್ರದಲ್ಲಿ ಆ ವಸ್ತುವಿನ ನೆರಳು ಇದ್ದಷ್ಟು ಅಗಲ ಎರಡನೆಯದರಲ್ಲಿ ಇರಲಿಲ್ಲ. ವ್ಯತ್ಯಾಸ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಅಂದರೆ ಹೆಚ್ಚುಕಡಿಮೆ ಕೂದಲೆಳೆಯಷ್ಟು. ಆ ಕೆಲವು ಕ್ಷಣಗಳಲ್ಲಿ ಸೂರ್ಯ ಸರಿದಿರಲಾರ. ಹಾಗಾದರೆ ಸರಿದದ್ದು ಆ ವಸ್ತುವೇ! ಬಣವೆ ತಿರುಗುವುದಿಲ್ಲ, ಕೊಟ್ಟಿಗೆ ತಿರುಗುವುದಿಲ್ಲ. ಆಕಾಶವನ್ನು ಅತ್ತಿಂದಿತ್ತ ಹುಡುಕುವ ಏರಿಯಲ್ ಮಾತ್ರ ತಿರುಗುತ್ತದೆ.

ಅನುಮಾನವನ್ನು ಪರಿಹರಿಸಲು ಫೆಬ್ರವರಿ 22ರಂದು ಮ್ಯಾನಿಫೋಲ್ಡ್ ಎಂಬ ವೈಮಾನಿಕ ಆ ಹೊಲದ ಮೇಲೆ ಬಹು ಕೆಳಗಿನಿಂದ ಹಾರಿ ಚಿತ್ರ ತೆಗೆದು ತಂದನು. ಅದರಲ್ಲಿ ಏರಿಯಲಿನ ಚೌಕಟ್ಟು ಸ್ಪಷ್ಟವಾಗಿ ಮೂಡಿತ್ತು. ಅದೇ ಜರ್ಮನರ ‘ಫ್ರೈಯಾ’ ರೇಡಾರ್. ವಾದವಿವಾದಗಳು ಮುಗಿಸಲಾರದ ಪ್ರಶ್ನೆಯನ್ನು ಒಂದು ನೆರಳು ಮುಗಿಸಿಬಿಟ್ಟಿತು.

ಛಾಯೆಯ ಲೆಕ್ಕ

‘ಛಾಯಾಚಿತ್ರ’ ಎಂಬ ನಮ್ಮ ಮಾತಿನಲ್ಲೇ ಛಾಯೆ ಅಡಗಿದೆ. ಈ ವಿದ್ಯೆಯ ಮರ್ಮವೂ ಅಲ್ಲಿಯೇ ಇದೆ. ಮೇಲಿನಿಂದ ನೇರವಾಗಿ ನೋಡುವಾಗ ನೂರು ಮೀಟರ್ ಎತ್ತರದ ಉಕ್ಕಿನ ಕಂಬವೂ ಒಂದು ಚುಕ್ಕೆ; ಕಣ್ಣಿಗೆ ಬೀಳದಿದ್ದರೂ ಆಶ್ಚರ್ಯವಿಲ್ಲ. ಆದರೆ ಅದರ ನೆರಳು ನೆಲದ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಚಿತ್ರ ತೆಗೆದ ದಿನ, ಗಳಿಗೆ ಮತ್ತು ಸ್ಥಳ ಗೊತ್ತಿದ್ದರೆ ಸೂರ್ಯನು ಎಷ್ಟು ಮೇಲಿದ್ದನೆಂಬುದು ಪಂಚಾಂಗದ ಲೆಕ್ಕ. ನೆರಳಿನ ಉದ್ದ, ಸೂರ್ಯನ ಎತ್ತರ ಇವೆರಡೂ ತಿಳಿದರೆ ಕಂಬದ ಎತ್ತರ ತಾನಾಗಿ ಹೊರಬೀಳುತ್ತದೆ.

ಚಿತ್ರದ ಅಳತೆಯೂ ಕಠಿಣವಲ್ಲ. 9,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನದಲ್ಲಿ 50 ಸೆಂಟಿಮೀಟರ್ ನಾಭಿದೂರದ ಮಸೂರವುಳ್ಳ ಕ್ಯಾಮೆರಾ ಇದೆಯೆನ್ನೋಣ. ಆಗ ಚಿತ್ರದ ಒಂದು ಮಿಲಿಮೀಟರು ನೆಲದ ಮೇಲಿನ 18 ಮೀಟರಿಗೆ ಸಮ. ಚಿತ್ರದಲ್ಲಿ ಎರಡು ಮಿಲಿಮೀಟರ್ ಉದ್ದ ಕಂಡ ನೆರಳು ನೆಲದಲ್ಲಿ 36 ಮೀಟರ್ ಇರಬೇಕು.

ಬ್ರಿಟನ್ನಿನ ಮೆಡ್ಮನ್‌ಹ್ಯಾಮಿನಲ್ಲಿ, ಡೇನ್ಸ್‌ಫೀಲ್ಡ್ ಎಂಬ ದೊಡ್ಡ ಬಂಗಲೆಯಲ್ಲಿ, ಇಂಥ ಚಿತ್ರಗಳನ್ನು ಓದುವ ಕಚೇರಿ 1941ರಿಂದ ನಡೆಯಿತು. ಅಲ್ಲಿ ದುಡಿದವರಲ್ಲಿ ಸ್ತ್ರೀಯರು ಬಹುಮಂದಿ; ಪ್ರಧಾನಿ ಚರ್ಚಿಲ್ಲರ ಮಗಳು ಸಾರಾ ಕೂಡ ಅವರಲ್ಲೊಬ್ಬಳು. ಪರರಾಷ್ಟ್ರದ ರೇಡಿಯೋ ಮತ್ತು ರೇಡಾರ್ ನಿಲಯಗಳನ್ನು ಪತ್ತೆಹಚ್ಚುವ ವಿಭಾಗಕ್ಕೆ ಕ್ಲಾಡ್ ವೇವೆಲ್ ಮುಖ್ಯಸ್ಥರು. ಇವರು ಭಾರತದ ವೈಸ್‌ರಾಯ್ ಆಗಿದ್ದ ವೇವೆಲ್ ಅಲ್ಲ. ನೆರಳಿನಿಂದ ಎತ್ತರವನ್ನು ಥಟ್ಟನೆ ಲೆಕ್ಕಹಾಕಲು ಇವರು ಒಂದು ಉಪಕರಣವನ್ನೇ ರೂಪಿಸಿದ್ದರು. ಒಂದರ ಮೇಲೊಂದು ಭಾಗಶಃ ಹೊಂದುವಂತೆ ತೆಗೆದ ಎರಡು ಚಿತ್ರಗಳನ್ನು ಜೋಡಿಗಾಜಿನ ಸ್ಟೀರಿಯೋಸ್ಕೋಪಿನಡಿ ಇಟ್ಟು ನೋಡಿದರೆ ಚಪ್ಪಟೆಯಾದ ಕಾಗದದಿಂದ ಮನೆ, ಮರ, ಕಂಬಗಳು ಎದ್ದುನಿಂತಂತೆ ಕಾಣುವುದು ಅವರ ನಿತ್ಯದ ಅನುಭವವಾಗಿತ್ತು.

ಈ ಲೆಕ್ಕದಲ್ಲಿ ದೇಶಕಾಲಗಳ ಆಟವೂ ಉಂಟು. ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ಡಿಸೆಂಬರ್ ಆರಂಭದ ನಡುಹಗಲಲ್ಲಿ ನೂರು ಮೀಟರ್ ಕಂಬದ ನೆರಳು ಮುನ್ನೂರು ಮೀಟರಿಗೂ ಮಿಕ್ಕಿ ಚಾಚುತ್ತದೆ. ಅದೇ ಕಂಬವನ್ನು ಹಿರೇವಡ್ಡಟ್ಟಿಯ ಎರೆಹೊಲದಲ್ಲಿ ನಿಲ್ಲಿಸಿದರೆ, ಡಿಸೆಂಬರ್ ಕೊನೆಯ ನಡುಹಗಲಲ್ಲೂ ನೆರಳು ಸುಮಾರು ಎಂಬತ್ತು ಮೀಟರು ಮಾತ್ರ. ಮೇ ತಿಂಗಳ ಮೊದಲ ದಿನಗಳಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಂತಾಗ ಅಲ್ಲಿ ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಬಿಡುತ್ತದೆ. ಆ ಗಳಿಗೆಯಲ್ಲಿ ಚಿತ್ರ ತೆಗೆದವನಿಗೆ ದಕ್ಕುವುದು ಬರಿಯ ಒಂದು ಚುಕ್ಕೆ. ನಮ್ಮ ಸೀಮೆಯಲ್ಲಿ ನೆರಳು ಹಿಡಿಯಬೇಕಾದರೆ ಬೆಳಗಿನ ಅಥವಾ ಸಂಜೆಯ ಇಳಿಬಿಸಿಲೇ ಬೇಕು.

ಆಕಾರದ ಅಕ್ಷರಮಾಲೆ

ಎತ್ತರ ತಿಳಿದೊಡನೆ ಕೆಲಸ ಮುಗಿಯಲಿಲ್ಲ. ಬಾನುಲಿ ನಿಲಯದ ಒಂದೊಂದು ಆಕಾರವೂ ಒಂದೊಂದು ಅಕ್ಷರ. ಅವನ್ನು ಕೂಡಿಸಿ ಓದಬೇಕು.

ಧಾರವಾಡದಂಥ ಮಧ್ಯಮತರಂಗದ ನಿಲಯದಲ್ಲಿ ಕಂಬವೇ ಏರಿಯಲ್. ಧಾರವಾಡ ನಿಲಯದ ಕಂಪನಸಂಖ್ಯೆ 765 ಕಿಲೋಹರ್ಟ್ಸ್. ಅಂದರೆ ಅಲೆಯ ಉದ್ದ ಸುಮಾರು 392 ಮೀಟರು. ಇಂಥ ಕಂಬಗಳ ಎತ್ತರ ಸಾಮಾನ್ಯವಾಗಿ ಅಲೆಯ ಉದ್ದದ ಕಾಲುಭಾಗದಿಂದ ಅರ್ಧಭಾಗದವರೆಗೆ ಇರುವುದುಂಟು. ಆದ್ದರಿಂದ ನೆರಳಿನಿಂದ ಎತ್ತರ, ಎತ್ತರದಿಂದ ಅಲೆಯ ಅಂದಾಜು. ಕಂಬ ಒಂದೇ ಇದ್ದರೆ ಧ್ವನಿ ಸುತ್ತಲೂ ಸಮನಾಗಿ ಹರಡುತ್ತದೆ. ಸಾಲಾಗಿ ಎರಡು ಮೂರು ಇದ್ದರೆ, ಒಂದು ದಿಕ್ಕಿಗೆ ಹೆಚ್ಚಾಗಿ, ಮತ್ತೊಂದು ದಿಕ್ಕಿಗೆ ಕಡಿಮೆಯಾಗಿ ಕಳುಹುವ ಏರ್ಪಾಡು ಇರಬಹುದೆಂದು ಊಹಿಸಬೇಕು.

ಸಾವಿರಾರು ಕಿಲೋಮೀಟರ್ ದೂರ ಹೋಗುವ ಹ್ರಸ್ವತರಂಗದ ನಿಲಯದ ನೋಟವೇ ಬೇರೆ. ಎರಡು ಗೋಪುರಗಳ ನಡುವೆ ತಂತಿಗಳ ಪರದೆಯನ್ನು ಇಳಿಬಿಟ್ಟಿರುತ್ತಾರೆ. ಧ್ವನಿ ಈ ಪರದೆಗೆ ಲಂಬವಾಗಿ ಹೊರಡುತ್ತದೆ. ಆದ್ದರಿಂದ ಪರದೆ ಯಾವ ದಿಕ್ಕಿಗೆ ಚಾಚಿದೆಯೆಂದು ಅಳೆದರೆ ಧ್ವನಿ ಯಾವ ದೇಶಕ್ಕೆಂದು ತಿಳಿಯಿತು. ಇನ್ನೊಂದು ಬಗೆಯಲ್ಲಿ ನಾಲ್ಕು ಕಂಬಗಳ ನಡುವೆ ವಜ್ರದಾಕಾರವಾಗಿ ತಂತಿ ಎಳೆದಿರುತ್ತಾರೆ. ಅದರ ಉದ್ದನೆಯ ಕರ್ಣವೇ ಬೆರಳು ಮಾಡಿ ತೋರಿಸಿದಂತೆ ಗುರಿಯತ್ತ ನಿಂತಿರುತ್ತದೆ.

ನಮ್ಮವರೆಲ್ಲ ಬಲ್ಲ ರೇಡಿಯೋ ಸಿಲೋನನ್ನೇ ತೆಗೆದುಕೊಳ್ಳೋಣ. ಕೇಸ್ಕರ್ ಅವರು ವಾರ್ತಾ ಮಂತ್ರಿಗಳಾಗಿ ಬಂದ ಮೇಲೆ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಅದೇ ಕಾಲದಲ್ಲಿ, 1952ರಲ್ಲಿ, ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಸಿಲೋನಿನಿಂದ ಕೇಳತೊಡಗಿತು. 1957ರ ಅಕ್ಟೋಬರಿನಲ್ಲಿ ವಿವಿಧಭಾರತಿ ಹುಟ್ಟುವವರೆಗೆ ಹಾಡು ಬೇಕೆಂದವರು ಮುಳ್ಳನ್ನು ಸಿಲೋನಿಗೇ ತಿರುಗಿಸುತ್ತಿದ್ದರು. ಆ ಧ್ವನಿ 25 ಮತ್ತು 41 ಮೀಟರಿನ ಅಲೆಗಳಲ್ಲಿ ಬರುತ್ತಿತ್ತು. 25 ಮೀಟರಿನ ಅಲೆಗೆ ಒಂದೊಂದು ತಂತಿತುಂಡು ಸುಮಾರು ಹನ್ನೆರಡೂವರೆ ಮೀಟರ್ ಉದ್ದವಿರಬೇಕು. ಅಂಥ ನಾಲ್ಕು ತುಂಡುಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿದ ಪರದೆ ಐವತ್ತು ಮೀಟರ್ ಅಗಲವಾಗುತ್ತದೆ. ಕೊಲಂಬೋದಿಂದ ಹಿರೇವಡ್ಡಟ್ಟಿಗೆ ಇರುವ ದೂರ ಸುಮಾರು ಸಾವಿರ ಕಿಲೋಮೀಟರು. ದಿಕ್ಕು ಉತ್ತರ ಮತ್ತು ವಾಯವ್ಯಗಳ ನಡುವೆ. ಆ ಕಡೆಗೆ ಮುಖಮಾಡುವ ಪರದೆಯನ್ನು ಪೂರ್ವ–ಈಶಾನ್ಯದಿಂದ ಪಶ್ಚಿಮ–ನೈಋತ್ಯಕ್ಕೆ ಕಟ್ಟಬೇಕು. ಹಾಡಿನ ಒಂದು ಸಾಲನ್ನೂ ಕೇಳದವನು ಕೂಡ ಅಂಥ ಪರದೆಯ ಚಿತ್ರವನ್ನು ನೋಡಿ, ‘ಇದು ಭಾರತದ ಪಶ್ಚಿಮ ಭಾಗದವರಿಗಾಗಿ’ ಎಂದು ಹೇಳಬಲ್ಲನು.

ಇಲ್ಲೊಂದು ಎಚ್ಚರ ಬೇಕು. ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಗೆರೆ ಎಳೆದರೆ ಮೋಸಹೋಗುತ್ತೇವೆ. ಭೂಮಿ ದುಂಡಗಿದೆ; ಗೋಳದ ಮೇಲೆ ದಾರ ಎಳೆದು ನೋಡಬೇಕು. ಬೆಂಗಳೂರಿನಿಂದ ನ್ಯೂಯಾರ್ಕಿಗೆ ಪಶ್ಚಿಮದ ಹಾದಿ ಎಂದು ತೋರುತ್ತದೆ. ದಾರ ಹಿಡಿದರೆ ಅದು ಹೊರಡುವುದು ಉತ್ತರ–ವಾಯವ್ಯಕ್ಕೆ!

ಏರಿಯಲಿನ ಸುತ್ತಲಿನ ಸಂಸಾರವೂ ಸಾಕ್ಷಿ ಹೇಳುತ್ತದೆ. ದಪ್ಪನಾದ ವಿದ್ಯುತ್ ತಂತಿಗಳು, ಟ್ರಾನ್ಸ್‌ಫಾರ್ಮರಿನ ಅಂಗಳ, ಯಂತ್ರಗಳನ್ನು ತಣಿಸುವ ನೀರಿನ ಹೊಂಡ ಕಂಡರೆ ಅದು ಮಾತನಾಡುವ ನಿಲಯ. ಇವೇನೂ ಇಲ್ಲದೆ, ಊರಿನ ಗದ್ದಲಕ್ಕೆ ದೂರವಾಗಿ, ಬಯಲಿನಲ್ಲಿ ತಂತಿಗಳು ಮಾತ್ರ ಹರಡಿದ್ದರೆ ಅದು ಬಹುಶಃ ಕೇಳುವ ನಿಲಯ. ಕಂಬಗಳು ಬಳೆಯಂತೆ ದುಂಡಗೆ ನಿಂತಿದ್ದರೆ, ಪರರ ಧ್ವನಿ ಯಾವ ದಿಕ್ಕಿನಿಂದ ಬಂತೆಂದು ಹಿಡಿಯುವ ದಿಕ್ಶೋಧಕ. 1960ರ ದಶಕದಲ್ಲಿ ಅಮೆರಿಕದವರು ಕಟ್ಟಿದ ಇಂಥ ಬಳೆಗಳ ಅಡ್ಡಳತೆ ನಾಲ್ಕುನೂರು ಮೀಟರನ್ನು ಮೀರಿತ್ತು. ಜನ ಅವನ್ನು ‘ಆನೆಯ ಪಂಜರ’ ಎಂದು ಕರೆದರು.

ಕಾಲುದಾರಿಯ ಕೊನೆಯಲ್ಲಿ

ಹೊಲದಲ್ಲಿ ನಾಲ್ಕು ದಿನ ಒಂದೇ ಕಡೆ ನಡೆದರೆ ಹುಲ್ಲು ಮಲಗಿ ಕಾಲುದಾರಿ ಬೀಳುತ್ತದೆಂಬುದು ಒಕ್ಕಲು ಮಕ್ಕಳಿಗೆ ಗೊತ್ತು. 1941ರ ಕೊನೆಯಲ್ಲಿ ಚಾರ್ಲ್ಸ್ ಫ್ರ್ಯಾಂಕರಿಗೆ ಸುಳಿವು ಕೊಟ್ಟದ್ದೂ ಅಂಥದೊಂದು ಕಾಲುದಾರಿಯೇ. ಫ್ರಾನ್ಸಿನ ಕಡಲಂಚಿನ ಬ್ರುನೆವಾಲ್ ಹಳ್ಳಿಯ ಬಳಿ ಒಂದು ಒಂಟಿ ಬಂಗಲೆಯಿತ್ತು. ಹತ್ತಿರದ ಫ್ರೈಯಾ ನಿಲಯದಿಂದ ಹೊರಟ ಕಾಲುದಾರಿ ಬಂಗಲೆಯ ಸಮೀಪ ಬಂದು ಕುಣಿಕೆಯಂತೆ ಸುತ್ತಿಕೊಂಡಿತ್ತು. ಅಲ್ಲೊಂದು ಚುಕ್ಕೆ. ಏನೂ ಇಲ್ಲದ ಕಡೆಗೆ ಜನ ಏಕೆ ನಡೆದಾಡುತ್ತಾರೆ?

ಟೋನಿ ಹಿಲ್ ಎಂಬ ವೈಮಾನಿಕ ಸ್ಪಿಟ್‌ಫೈರ್ ವಿಮಾನದಲ್ಲಿ ಹೊರಟನು. ಮೊದಲ ಸಲ ಕ್ಯಾಮೆರಾ ಕೈಕೊಟ್ಟಿತು. ಕಣ್ಣಿಗೆ ಮಾತ್ರ ಒಂದು ಬೋಗುಣಿಯಾಕಾರ ಕಂಡಿತು. ಒಮ್ಮೆ ಎಚ್ಚರಗೊಂಡ ಶತ್ರುವಿನ ತಾಣಕ್ಕೆ ಮರುದಿನವೇ ಮತ್ತೆ ಹೋಗುವುದು ಸಾವಿನೊಡನೆ ಸರಸ. ಆದರೂ ಡಿಸೆಂಬರ್ 5ರಂದು ಅವನು ಮತ್ತೆ ಹೋದನು, ಚಿತ್ರದೊಡನೆ ಮರಳಿದನು. ಅದು 53 ಸೆಂಟಿಮೀಟರ್ ಅಲೆಯ ‘ವುರ್ಟ್ಸ್‌ಬುರ್ಗ್’ ರೇಡಾರ್.

1942ರ ಫೆಬ್ರವರಿ 27ರ ರಾತ್ರಿ ಮೇಜರ್ ಜಾನ್ ಫ್ರಾಸ್ಟ್ ನೇತೃತ್ವದಲ್ಲಿ ಸುಮಾರು 120 ಜನ ಪ್ಯಾರಾಚೂಟ್ ಕಟ್ಟಿಕೊಂಡು ಆ ಹಿಮದ ನೆಲಕ್ಕೆ ಇಳಿದರು. ರೇಡಾರ್ ತಜ್ಞ ಕಾಕ್ಸ್ ಗುಂಡಿನ ಸುರಿಮಳೆಯ ನಡುವೆ ಯಂತ್ರದ ಭಾಗಗಳನ್ನು ಬಿಚ್ಚಿಸಿದನು. ದೋಣಿಗಳಲ್ಲಿ ಅವರೆಲ್ಲ ಹಿಂದಿರುಗಿದಾಗ ಇಬ್ಬರು ಮಡಿದಿದ್ದರು, ಆರು ಜನ ಸೆರೆಸಿಕ್ಕಿದ್ದರು. ಟೋನಿ ಹಿಲ್ ಕೂಡ ಹೆಚ್ಚು ಕಾಲ ಬದುಕಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಫ್ರಾನ್ಸಿನ ಲೆ ಕ್ರೂಸೊ ನಗರದ ಚಿತ್ರ ತೆಗೆಯಲು ಹೋದಾಗ ಶತ್ರುಗಳ ಹೊಡೆತಕ್ಕೆ ಅವನ ವಿಮಾನ ಉರುಳಿತು.

ವುರ್ಟ್ಸ್‌ಬುರ್ಗಿನ ಅಲೆಯ ಉದ್ದ ತಿಳಿದಿತ್ತು. ಅದರ ಅರ್ಧದಷ್ಟು ಉದ್ದದ ಲೋಹದ ಪಟ್ಟಿಗಳನ್ನು ಆಕಾಶದಿಂದ ಚೆಲ್ಲಿದರೆ ಆ ರೇಡಾರಿಗೆ ಕಣ್ಣು ಕಟ್ಟಿದಂತೆ. 1943ರ ಜುಲೈನಲ್ಲಿ ಹ್ಯಾಂಬರ್ಗ್ ನಗರದ ಮೇಲೆ ದಾಳಿಮಾಡಿದಾಗ ಬ್ರಿಟಿಷರು ಹಾಗೆಯೇ ಮಾಡಿದರು. ಅವರ ವೈಮಾನಿಕರಲ್ಲಿ ಅನೇಕರು ಬದುಕಿಕೊಂಡರು. ಕೆಳಗೆ, ಉರಿಯುವ ನಗರದಲ್ಲಿ, ಹತ್ತಾರು ಸಾವಿರ ನಾಗರಿಕರು ಸತ್ತರು. ಕಾಲುದಾರಿಯ ಕೊನೆಯಲ್ಲಿ ಕಂಡ ಚುಕ್ಕೆಯು ಎಷ್ಟು ಪ್ರಾಣಗಳನ್ನು ಉಳಿಸಿತು, ಎಷ್ಟು ಪ್ರಾಣಗಳಿಗೆ ಎರವಾಯಿತು ಎಂಬ ಲೆಕ್ಕವನ್ನು ಯಾವ ಉಪಕರಣವೂ ಹಾಕಲಾರದು.

ಆಕಾಶಕ್ಕೇರಿದ ಕಣ್ಣು

ಯುದ್ಧ ಮುಗಿದರೂ ಅನುಮಾನ ಮುಗಿಯಲಿಲ್ಲ. ಕಡಲಾಳದ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಲು ಜರ್ಮನರು 1943ರಲ್ಲಿ ‘ಗೋಲಿಯಾತ್’ ಎಂಬ ನಿಲಯವನ್ನು ಕಟ್ಟಿದ್ದರು. ನೀರಿನೊಳಗೂ ಇಳಿಯಬಲ್ಲ ಆ ಅಲೆಯ ಉದ್ದ ಸುಮಾರು 18 ಕಿಲೋಮೀಟರು. ಅಂಥ ಅಲೆಗೆ ತಕ್ಕ ಕಂಬವನ್ನು ಯಾರೂ ಎತ್ತಲಾರರು. ಆದುದರಿಂದ ಇನ್ನೂರು ಮೀಟರಿಗೂ ಎತ್ತರದ ಗೋಪುರಗಳ ಸುತ್ತ ತಂತಿಗಳನ್ನು ಛತ್ರಿಯಂತೆ ಹರಡಿದ್ದರು. ಯುದ್ಧಾನಂತರ ಸೋವಿಯತ್ ಒಕ್ಕೂಟದವರು ಅದನ್ನು ಕಳಚಿ ಒಯ್ದು ತಮ್ಮ ನೆಲದಲ್ಲಿ ಮತ್ತೆ ನಿಲ್ಲಿಸಿದರು. ಇಂಥ ಛತ್ರಿಯನ್ನು ಬಚ್ಚಿಡುವ ಬಗೆಯಿಲ್ಲ. ಮೇಲಿನಿಂದ ಕಂಡವನಿಗೆ ಅದರ ಉದ್ದೇಶವೂ ಕಂಡಿತು. ಭಾರತಕ್ಕೂ ಇಂಥ ಕೆಲಸದ ನಿಲಯವೊಂದು ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿದೆ. ನೌಕಾಪಡೆಯ ಆ ‘ಕಟ್ಟಬೊಮ್ಮನ್’ ನೆಲೆ 1990ರಲ್ಲಿ ಕಾರ್ಯಾರಂಭ ಮಾಡಿತು.

1960ರ ಆಗಸ್ಟಿನಲ್ಲಿ ಅಮೆರಿಕದ ‘ಕೊರೋನಾ’ ಉಪಗ್ರಹವು ಚಿತ್ರಸುರುಳಿಯನ್ನು ಡಬ್ಬಿಯಲ್ಲಿಟ್ಟು ಕೆಳಗೆ ಬಿಟ್ಟಿತು. ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಡಬ್ಬಿಯನ್ನು ವಿಮಾನವೊಂದು ನಡು ಆಕಾಶದಲ್ಲೇ ಕೊಕ್ಕೆ ಹಾಕಿ ಹಿಡಿಯಿತು. 1972ರವರೆಗೆ ನಡೆದ ಈ ಕಾರ್ಯದ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಬೇಹಿಗಾಗಿ ತೆಗೆದ ಆ ಚಿತ್ರಗಳಲ್ಲಿ ಪುರಾತತ್ವಜ್ಞರು ಈಗ ಹಾಳೂರುಗಳನ್ನು ಹುಡುಕುತ್ತಿದ್ದಾರೆ.

ಆದರೆ ಕಣ್ಣಿಗೂ ಮಿತಿಯುಂಟು. ಚಿತ್ರವು ಕಂಬವನ್ನು ತೋರಿಸುತ್ತದೆ, ಮಾತನ್ನು ಕೇಳಿಸುವುದಿಲ್ಲ. ನಿಲಯ ನಿಜವಾಗಿ ನಡೆಯುತ್ತಿದೆಯೋ, ಕಣ್ಣಿಗೆ ಮಣ್ಣೆರಚಲು ನಿಲ್ಲಿಸಿದ ಬೆದರುಬೊಂಬೆಯೋ ಎಂದು ತಿಳಿಯಲು ಕಿವಿ ಬೇಕು. 1976ರಿಂದ 1989ರವರೆಗೆ ಹ್ರಸ್ವತರಂಗದಲ್ಲಿ ಸೆಕೆಂಡಿಗೆ ಹತ್ತು ಸಲ ಮರಕುಟಿಕನಂತೆ ಕುಟ್ಟುವ ಸದ್ದೊಂದು ಜಗತ್ತಿನ ಕೇಳುಗರನ್ನು ಕಾಡಿತು. ಅದು ದಿಗಂತದಾಚೆಗಿನ ಕ್ಷಿಪಣಿಗಳನ್ನು ಕಾಣಲು ಹೂಡಿದ ಸೋವಿಯತ್ ರೇಡಾರ್ ‘ದುಗಾ’. ಚೆರ್ನೋಬಿಲ್ ಬಳಿಯ ಕಾಡಿನಲ್ಲಿ ಅದರ ಉಕ್ಕಿನ ಗೋಡೆ ಸುಮಾರು 150 ಮೀಟರ್ ಎತ್ತರಕ್ಕೆ ನಿಂತಿದೆ. ಕುಟ್ಟುತ್ತಿದ್ದ ಏರಿಯಲ್ ಅದಲ್ಲ. ಮರುದನಿಯನ್ನು ಕೇಳುವ ಕಿವಿ ಅದು. ಕುಟ್ಟುವ ಏರಿಯಲ್ ಅಲ್ಲಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿತ್ತು. ಕಂಡದ್ದನ್ನೂ ಕೇಳಿದ್ದನ್ನೂ ಕೂಡಿಸಿದಾಗಲೇ ಸತ್ಯ ಪೂರ್ಣವಾಗುವುದು.

ನಮ್ಮ ನೆಲದ ಕಣ್ಣು

ಈ ವಿದ್ಯೆ ಇಂದು ಪರದೇಶದವರ ಸೊತ್ತಾಗಿ ಉಳಿದಿಲ್ಲ. ವೈಮಾನಿಕ ಚಿತ್ರಗಳನ್ನು ಓದುವ ಶಿಕ್ಷಣಕ್ಕಾಗಿ 1966ರಲ್ಲಿ ಡೆಹ್ರಾಡೂನಿನಲ್ಲಿ ಸಂಸ್ಥೆಯೊಂದು ಆರಂಭವಾಯಿತು. ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ‘ಕಾರ್ಟೋಸ್ಯಾಟ್–1’ 2005ರ ಮೇ 5ರಂದು ಮೇಲೇರಿತು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಬಾಗಿದ ಅದರ ಎರಡು ಕ್ಯಾಮೆರಾಗಳು ಹಳೆಯ ಜೋಡಿಚಿತ್ರದ ಉಪಾಯವನ್ನೇ ಬಳಸಿ ನೆಲದ ಎತ್ತರ ತಗ್ಗುಗಳನ್ನು ಅಳೆದವು. 2019ರ ನವೆಂಬರ್ 27ರಂದು ಹಾರಿದ ‘ಕಾರ್ಟೋಸ್ಯಾಟ್–3’ ಸುಮಾರು 25 ಸೆಂಟಿಮೀಟರಿನಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲುದು.

ನಾವು ನೋಡುವಂತೆ ನಮ್ಮನ್ನೂ ನೋಡುವವರುಂಟು. 1990ರ ದಶಕದಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ದೊಡ್ಡಬಳ್ಳಾಪುರದ ಹಾದಿಯಲ್ಲಿ, ಆಕಾಶವಾಣಿಯು ದೂರದೇಶಗಳಿಗೆ ಕೇಳಿಸುವ 500 ಕಿಲೋವಾಟಿನ ಪ್ರಬಲ ಹ್ರಸ್ವತರಂಗ ಯಂತ್ರಗಳನ್ನು ಸ್ಥಾಪಿಸಿತು. ಪರದೇಶದವರಿಗೆ ಅದೇ ಪರದೇಶದ ನಿಲಯ! ಅದರ ಪರದೆಗಳ ದಿಕ್ಕನ್ನೂ ಅವರು ಇದೇ ಬಗೆಯಲ್ಲಿ ಓದಬಲ್ಲರು. ತಂತಿಯ ಪರದೆಗೆ ಸ್ವದೇಶ ಪರದೇಶಗಳ ಭೇದವಿಲ್ಲ; ಯಾರು ಅಳೆದರೂ ಅದು ಒಂದೇ ಉತ್ತರ ಕೊಡುತ್ತದೆ.

ಒಂದು ಕಾಲಕ್ಕೆ ಟೋನಿ ಹಿಲ್ ಪ್ರಾಣ ಒತ್ತೆಯಿಟ್ಟು ತಂದಂಥ ನೋಟವನ್ನು ಇಂದು ಹಿರೇವಡ್ಡಟ್ಟಿಯ ಶಾಲಾಬಾಲಕನೂ ಮೊಬೈಲಿನಲ್ಲಿ ಕೂತಲ್ಲೇ ಕಾಣಬಹುದು. ಕಾಣುವುದು ಸುಲಭವಾಗಿದೆ, ಓದುವುದು ಸುಲಭವಾಗಿಲ್ಲ. ಅದಕ್ಕೆ ಬೇಕಾದ ಮೊದಲ ಪಾಠಕ್ಕೆ ವಿಮಾನವೂ ಬೇಡ, ಉಪಗ್ರಹವೂ ಬೇಡ. ಇಳಿಬಿಸಿಲಿನಲ್ಲಿ ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟು ಅದರ ನೆರಳನ್ನು ಅಳೆಯಲಿ. ಅದೇ ಗಳಿಗೆಯಲ್ಲಿ ಊರ ಮುಂದಿನ ಮೊಬೈಲ್ ಗೋಪುರದ ನೆರಳನ್ನೂ ಅಳೆಯಲಿ. ಕೋಲಿನ ನೆರಳಿಗಿಂತ ಗೋಪುರದ ನೆರಳು ಎಷ್ಟು ಪಟ್ಟು ಹೆಚ್ಚೋ ಗೋಪುರ ಅಷ್ಟು ಮೀಟರ್ ಎತ್ತರ. ಮೆಡ್ಮನ್‌ಹ್ಯಾಮಿನ ಬಂಗಲೆಯಲ್ಲಿ ನಡೆದ ಲೆಕ್ಕದ ತಿರುಳು ಇಷ್ಟೇ. ಉಳಿದದ್ದು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಡೆಗಣಿಸದೆ ನೋಡುವ ತಾಳ್ಮೆ.